ಬೋರ್ ನೀರಿನ ಸೀಮೆಯಲ್ಲಿ ಸೈಕಸ್: ಬೀಜದಿಂದ ಸುಳಿಯವರೆಗೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಸೈಕಸ್, ಈಚಲಿನಂಥ ಗರಿಯ ಈ ಅಲಂಕಾರದ ಗಿಡ, ಸಾಯುವುದು ಬಿಸಿಲಿಗಲ್ಲ, ಬರಕ್ಕೂ ಅಲ್ಲ. ಒಂದು, ಬುಡದಲ್ಲಿ ನೀರು ನಿಂತು ಗೆಡ್ಡೆ ಕೊಳೆಯುತ್ತದೆ. ಇನ್ನೊಂದು, ಬೋರ್‌ವೆಲ್ ನೀರಿನ ಸುಣ್ಣ ವರ್ಷಗಟ್ಟಲೆ ಮಣ್ಣಿಗೆ ಸೇರಿ ಗಿಡ ಒಳಗೊಳಗೇ ಸೊರಗುತ್ತದೆ. ಈ ಎರಡನ್ನು ತಡೆದರೆ ಗುಲಾಬಿಗಿಂತ ಕಡಿಮೆ ಆರೈಕೆಯಲ್ಲಿ ಬದುಕುವ ಗಿಡ ಇದು. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಗರಸು ಕೆಮ್ಮಣ್ಣು, ಬಂಡೆಯ ಸಂದು, ಒಣ ಗಾಳಿ, ಇವೆಲ್ಲ ಅದಕ್ಕೆ ಒಗ್ಗಿದ ಸಂಗತಿಗಳೇ.

ನರ್ಸರಿಯವರು ಇದನ್ನು ‘ಸಾಗೋ ಪಾಮ್’ ಎನ್ನುತ್ತಾರೆ. ಈಚಲು, ತೆಂಗಿನ ಜಾತಿಗೂ ಇದಕ್ಕೂ ಯಾವ ನಂಟೂ ಇಲ್ಲ. ಹೂ ಬಿಡುವ ಗಿಡಗಳು ಭೂಮಿಗೆ ಬರುವ ಎಷ್ಟೋ ಮೊದಲೇ, ಸುಮಾರು 28 ಕೋಟಿ ವರ್ಷಗಳ ಹಿಂದೆ, ಸೈಕಸ್ ಬಳಗದ ಪಳೆಯುಳಿಕೆಗಳು ಕಾಣಿಸಿಕೊಳ್ಳುತ್ತವೆ. ಆದರೆ ‘ಡೈನೋಸಾರ್ ತಿಂದ ಗಿಡವೇ ಇದು’ ಎಂದು ಮಾರುವವರ ಮಾತನ್ನು ಅರ್ಧ ನಂಬಿ ಸಾಕು. ವಂಶ ಹಳೆಯದು ನಿಜ. ಇವತ್ತು ಬದುಕಿರುವ ಪ್ರಭೇದಗಳು ಮಾತ್ರ ಹೆಚ್ಚಿನವು ಕಳೆದ ಒಂದೂಕಾಲು ಕೋಟಿ ವರ್ಷಗಳಲ್ಲಿ ಕವಲೊಡೆದವು ಎಂದು 2011ರ ಡಿಎನ್ಎ ಅಧ್ಯಯನ ತೋರಿಸಿತು. ಹಳೆಯದೇ ಬೇಕೆಂದರೆ ಮಧುಗಿರಿ ಬೆಟ್ಟವನ್ನೇ ನೋಡಬಹುದು, ಆ ಗ್ರಾನೈಟಿಗೆ 250 ಕೋಟಿ ವರ್ಷ.

ಯಾವುದನ್ನು ತರಬೇಕು

ಮೊದಲ ಗಿಡಕ್ಕೆ ಸೈಕಸ್ ರೆವಲ್ಯೂಟಾ. ತವರು ಜಪಾನಿನ ದಕ್ಷಿಣ ದ್ವೀಪಗಳು. ಗರಿ ಗಿಡ್ಡ, ಗಡುಸು, ಅಂಚು ಕೆಳಕ್ಕೆ ಮಡಚಿರುತ್ತದೆ. ನಂದಿ ಬೆಟ್ಟದ ತಪ್ಪಲಿನ ಡಿಸೆಂಬರ್ ಚಳಿಯನ್ನೂ ಪಾವಗಡದ ಏಪ್ರಿಲ್ ಬಿಸಿಲನ್ನೂ ಒಂದೇ ಸಮ ತಾಳುತ್ತದೆ.

ಜಾಗ ಇದ್ದವರಿಗೆ ಪಶ್ಚಿಮ ಘಟ್ಟದ ಸೈಕಸ್ ಸರ್ಸಿನಾಲಿಸ್ ಚೆಂದ. ಗರಿ ಆರೇಳು ಅಡಿ ಚಾಚುತ್ತದೆ, ಸುತ್ತ ಹನ್ನೆರಡು ಅಡಿ ಬಿಡಬೇಕು. ನಡುಮಧ್ಯಾಹ್ನದ ಬಿಸಿಲಿಗೆ ಎಳೆ ಗಿಡ ಸೊಪ್ಪಾಗುತ್ತದೆ, ಮೊದಲ ಮೂರು ವರ್ಷ ಅರೆನೆರಳು ಬೇಕು. ಕಾಡಿನಲ್ಲಿ ಇದು ಅಳಿವಿನಂಚಿನ ಗಿಡ, ಹಾಗಾಗಿ ಬೀಜದಿಂದ ಬೆಳೆಸಿದ್ದನ್ನು ಮಾತ್ರ ಕೊಳ್ಳಿ. ಮೈಸೂರು ಸೀಮೆಯ ಸೈಕಸ್ ಒಂದರ ಜೀವನಚಕ್ರವನ್ನು ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ 1948ರಲ್ಲೇ ಬಿಡಿಸಿ ಬರೆದಿದ್ದರು. 2008ರಲ್ಲಿ ಕರ್ನಾಟಕದ ಪ್ರಭೇದವೊಂದಕ್ಕೆ ಸೈಕಸ್ ಸ್ವಾಮಿಯೈ ಎಂದು ಹೆಸರಿಟ್ಟದ್ದು ಅವರ ಗೌರವಕ್ಕೆ. ಮುಳಬಾಗಿಲು ದಾಟಿ ಆಚೆ ಹೋದರೆ ತಿರುಪತಿ, ಕಡಪ ಬೆಟ್ಟಗಳಲ್ಲಿ ಸೈಕಸ್ ಬೆಡ್ಡೊಮಿ ಇದೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಗಿಡ, ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷಿದ್ಧ. ಯಾರಾದರೂ ಅಗ್ಗಕ್ಕೆ ತಂದುಕೊಡುತ್ತೇನೆ ಎಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕುಂಡಕ್ಕೆ ಮಾತ್ರ ಜಾಗವಿದ್ದರೆ ಸೈಕಸ್‌ನ ದಾಯಾದಿ, ಮೆಕ್ಸಿಕೋದ ಜೇಮಿಯಾ ಫರ್ಫುರೇಸಿಯಾ. ಎಲೆ ರಟ್ಟಿನ ಹಾಗೆ ದಪ್ಪ, ಬೇಗ ಬೆಳೆಯುತ್ತದೆ, ತಪ್ಪುಗಳನ್ನೂ ಕ್ಷಮಿಸುತ್ತದೆ.

ಕೊಳ್ಳುವಾಗ ಬುಡದ ಗೆಡ್ಡೆಯನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಿರಬೇಕು. ಒಂದು ಕಡೆ ಮೆತ್ತಗೆ ಕುಸಿದರೆ ಒಳಗೆ ಕೊಳೆ ಶುರುವಾಗಿದೆ, ಗರಿ ಎಷ್ಟೇ ಹಸಿರಿದ್ದರೂ ಅದು ಹೋಗುವ ಗಿಡ. ಗೆಡ್ಡೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕುಂಡದೊಳಗೆ ಸಡಿಲವಾಗಿ ತಿರುಗಿದರೆ ಬೇರಿಲ್ಲದ್ದನ್ನು ಮೊನ್ನೆ ಮೊನ್ನೆ ಊರಿದ್ದಾರೆ. ಮೂರಡಿ ಕಾಂಡ, ಕೊಚ್ಚಿದ ಬೇರು, ಒಂದೂ ಗರಿಯಿಲ್ಲ ಎನ್ನುವಂಥದ್ದು ಕಾಡಿನಿಂದ ಬಂದದ್ದಿರಬಹುದು. ಅದು ಬದುಕುವ ಭರವಸೆಯೂ ಕಡಿಮೆ.

ಮನೆಯಲ್ಲಿ ನಾಯಿ, ದನ ಇದ್ದರೆ ಒಂದು ಎಚ್ಚರಿಕೆ: ಗಿಡದ ಎಲ್ಲ ಭಾಗವೂ ವಿಷ, ಬೀಜದಲ್ಲಂತೂ ಹೆಚ್ಚು. ಅದರಲ್ಲಿರುವ ಸೈಕಾಸಿನ್ ಯಕೃತ್ತನ್ನು ಹಾಳುಮಾಡುತ್ತದೆ, ನಾಯಿ ಸಾಯಲು ಒಂದೆರಡು ಬೀಜ ಸಾಕಾಗಬಹುದು. ಎಲೆ ಮೇಯ್ದ ದನಗಳಿಗೆ ಹಿಂಗಾಲು ಬೀಳುತ್ತದೆ. ತಿಂದದ್ದು ಗೊತ್ತಾದ ಕೂಡಲೇ ಪಶುವೈದ್ಯರ ಬಳಿ ಹೋಗಬೇಕು, ವಾಂತಿ ಶುರುವಾಗಲಿ ಎಂದು ಕಾಯಬಾರದು.

ನೀರು

ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವೇ ಕುಂಡದ ಮಣ್ಣಿನಲ್ಲೂ ಕಟ್ಟುತ್ತದೆ. ನಮ್ಮ ಕಡೆಯ ಆಳದ ಬೋರ್ ನೀರಿನಲ್ಲಿ ಸುಣ್ಣದ ಬೈಕಾರ್ಬನೇಟ್ ಹೆಚ್ಚು. ಹಾಕುತ್ತಾ ಹೋದಂತೆ ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 8ರ ಕಡೆಗೆ ಏರುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಇದ್ದರೂ ಬೇರಿಗೆ ದಕ್ಕುವುದಿಲ್ಲ. ನೀರಿನ ವಿಷಯ ಬಂದರೆ ಎಲ್ಲರೂ ಫ್ಲೋರೈಡ್ ಮಾತಾಡುತ್ತಾರೆ. ಅದು ಕುಡಿಯುವವರ ಕಷ್ಟ, ಈ ಗಿಡದ ಮಟ್ಟಿಗೆ ಶತ್ರು ಸುಣ್ಣವೇ.

ನೀರಿನ ಫಿಲ್ಟರ್ ಕೂರಿಸುವವರ ಬಳಿ ಇರುವ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವುದು) ಒಂದು, ಪಿಎಚ್ ಪಟ್ಟಿಗಳ ಪುಸ್ತಿಕೆ ಒಂದು ಇಟ್ಟುಕೊಳ್ಳಿ. ಟಿಡಿಎಸ್ 500ರ ಒಳಗಿದ್ದರೆ ನಿಶ್ಚಿಂತೆಯಿಂದ ಹಾಕಿ. 500ರಿಂದ 1000 ಇದ್ದರೆ ಅರ್ಧಕ್ಕರ್ಧ ಮಳೆನೀರು ಬೆರೆಸಿ. ಸಾವಿರ ದಾಟಿದರೆ ಸಸಿಗೂ ಮೊಳಕೆಗೂ ಮಳೆನೀರೇ ಗತಿ, ದೊಡ್ಡ ಗಿಡ ಹೇಗೋ ಸಹಿಸುತ್ತದೆ. ಹತ್ತಡಿಗೆ ಹತ್ತಡಿ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 90 ಲೀಟರ್ ಇಳಿಯುತ್ತದೆ. ಹಸ್ತ, ಚಿತ್ತಾ ಮಳೆಯಲ್ಲಿ ಒಂದು ಇನ್ನೂರು ಲೀಟರ್ ಡ್ರಮ್ ತುಂಬಿ ಮುಚ್ಚಿಟ್ಟರೆ ಐದಾರು ಕುಂಡಕ್ಕೆ ಯುಗಾದಿವರೆಗೆ ಸಾಕು.

ಮಳೆನೀರು ಇಲ್ಲದಿದ್ದರೆ 10 ಲೀಟರ್ ಬೋರ್ ನೀರಿಗೆ 2ರಿಂದ 3 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಪಟ್ಟಿ ಅದ್ದಿ ನೋಡಿ, 6.5ರ ಆಸುಪಾಸಿಗೆ ಬಂದರೆ ನಿಲ್ಲಿಸಿ. ಗಡಸು ಹೆಚ್ಚಿದ್ದರೆ ಇನ್ನೊಂದು ಗ್ರಾಂ ಬೇಕಾಗಬಹುದು. ಅಂದಾಜಿನಲ್ಲಿ ಸುರಿಯಬೇಡಿ, 5ಕ್ಕಿಂತ ಕೆಳಗೆ ಇಳಿದರೆ ಬೇರಿನ ತುದಿ ಸುಡುತ್ತದೆ. ಬೆರೆಸಿದ ದಿನವೇ ಹಾಕಿ ಮುಗಿಸಿ.

ಊರಿನ ಶುದ್ಧ ನೀರಿನ ಘಟಕದಿಂದ ಹೊರಗೆ ಹರಿಯುವ ನೀರನ್ನು ‘ಫಿಲ್ಟರ್ ನೀರು’ ಎಂದು ಗಿಡಕ್ಕೆ ಹಾಕುವವರಿದ್ದಾರೆ. ಅದು ಫಿಲ್ಟರ್ ತೆಗೆದುಹಾಕಿದ ಉಪ್ಪೆಲ್ಲ ಸೇರಿಕೊಂಡ ನೀರು, ಬೋರ್ ನೀರಿಗಿಂತ ಕೆಟ್ಟದ್ದು. ಸಾಫ್ಟ್‌ನರ್ ನೀರೂ ಬೇಡ. ಸುಣ್ಣ ತೆಗೆದು ಸೋಡಿಯಂ ಸೇರಿಸಿರುತ್ತದೆ, ಗರಿಯ ತುದಿ ಕಂದುಗಟ್ಟುತ್ತದೆ.

ಎಷ್ಟು ದಿನಕ್ಕೊಮ್ಮೆ ಎನ್ನುವುದಕ್ಕೆ ಕ್ಯಾಲೆಂಡರ್ ಬೇಡ, ಊದಿನಕಡ್ಡಿಯ ಬಿದಿರು ಸಾಕು. ಕುಂಡದೊಳಕ್ಕೆ ನಾಲ್ಕು ಇಂಚು ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ತಂಪಾಗಿ, ಬಣ್ಣ ಗಾಢವಾಗಿ ಬಂದರೆ ನೀರು ಬೇಡ. ಬೇಸಿಗೆಯಲ್ಲಿ ಸಾಮಾನ್ಯವಾಗಿ ಐದರಿಂದ ಏಳು ದಿನಕ್ಕೊಮ್ಮೆ, ಡಿಸೆಂಬರ್ ಜನವರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಹಾಕುವಾಗ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ. ದಿನಾ ಒಂದು ಚೊಂಬು ಚಿಮುಕಿಸುವುದು ಅತಿ ಕೆಟ್ಟ ಅಭ್ಯಾಸ: ಮೇಲೆ ಸುಣ್ಣ ಕಟ್ಟುತ್ತದೆ, ಕೆಳಗಿನ ಬೇರು ಒಣಗುತ್ತದೆ, ಬುಡ ಮಾತ್ರ ಸದಾ ಒದ್ದೆ. ಸುಳಿಯೊಳಗೆ ನೀರು ಬೀಳಬಾರದು. ಮಧ್ಯಾಹ್ನ ಪೈಪ್ ಬಿಟ್ಟರೆ ಮೊದಲು ಬರುವ ಕುದಿನೀರನ್ನು ಹೊರಗೆ ಹರಿಸಿ ಆಮೇಲೆ ಹಾಕಿ.

ಮಣ್ಣಿನ ಮಿಶ್ರಣ

ಲೆಕ್ಕ ಬಾಂಡ್ಲಿಯಲ್ಲಿ: ಬೇಬಿ ಜಲ್ಲಿ ನಾಲ್ಕು, ಗರಸು ಕೆಮ್ಮಣ್ಣು ಎರಡು, ತೊಳೆದ ತೆಂಗಿನ ನಾರಿನ ಪುಡಿ ಎರಡು, ಪುಡಿಪುಡಿಯಾದ ಹಳೆ ಎಲೆಗೊಬ್ಬರ ಒಂದು, ಬಟಾಣಿ ಗಾತ್ರದ ಇದ್ದಿಲು ಅರ್ಧ. ಇಷ್ಟಕ್ಕೆ 200 ಗ್ರಾಂ ಬೇವಿನ ಹಿಂಡಿ. 12 ಇಂಚಿನ ನಾಲ್ಕೈದು ಕುಂಡಕ್ಕೆ ಆಗುತ್ತದೆ.

ಜಲ್ಲಿಯನ್ನು ಕ್ರಷರ್‌ನಿಂದ ತಂದ ಹಾಗೇ ಹಾಕಬಾರದು. ಅದರ ಜೊತೆ ಬರುವ ಬೂದುಪುಡಿ ನೀರು ಬಿದ್ದ ಮೇಲೆ ಸಿಮೆಂಟಿನಂತೆ ಸಂದುಗಳನ್ನು ತುಂಬುತ್ತದೆ. ಜರಡಿಯಲ್ಲಿಟ್ಟು ನೀರು ತಿಳಿಯಾಗುವವರೆಗೆ ತೊಳೆಯಿರಿ. ಎಂ-ಸ್ಯಾಂಡ್ ಬೇಡವೇ ಬೇಡ, ಅದೇ ಕಾರಣ. ತಿಪಟೂರು ಕಡೆಯಿಂದ ಬರುವ ನಾರಿನ ಪುಡಿ ಅಗ್ಗ, ಆದರೆ ಅದರಲ್ಲಿ ಉಪ್ಪಿರುತ್ತದೆ. ಬಕೆಟ್‌ನಲ್ಲಿ ನೆನೆಹಾಕಿ ಹಿಂಡಿ, ಹಿಂಡಿದ ನೀರಿಗೆ ಟಿಡಿಎಸ್ ಮೀಟರ್ ಅದ್ದಿ. ಹಾಕಿದ ನೀರಿಗಿಂತ 100ಕ್ಕಿಂತ ಹೆಚ್ಚು ತೋರಿಸಿದರೆ ಇನ್ನೊಮ್ಮೆ ತೊಳೆಯಬೇಕು. ಸಾಮಾನ್ಯವಾಗಿ ಮೂರು ಸಲಕ್ಕೆ ಹಾದಿಗೆ ಬರುತ್ತದೆ.

ಹಸಿ ಕೊಟ್ಟಿಗೆ ಗೊಬ್ಬರ ಹಾಕಿದರೆ ಗೊಣ್ಣೆ ಹುಳು ಜೊತೆಗೇ ಬರುತ್ತದೆ. ತೆಂಗಿನ ತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಕುಂಡದ ತಳಕ್ಕೆ ಎರಡಿಂಚು ಕಲ್ಲು ಹಾಸಿದರೆ ನೀರು ಬಸಿಯುತ್ತದೆ ಎನ್ನುವುದು ತಪ್ಪು ನಂಬಿಕೆ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದಿನ ಕಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಒದ್ದೆ ಪದರ ಕಲ್ಲಿನ ಮೇಲೆ, ಅಂದರೆ ಬೇರಿಗೆ ಇನ್ನೂ ಹತ್ತಿರ, ನಿಲ್ಲುತ್ತದೆ. ತೂತಿಗೆ ಒಂದು ಬಲೆಯ ತುಂಡು ಇಟ್ಟು ತಳದಿಂದಲೇ ಮಿಶ್ರಣ ತುಂಬಿ. ಪರೀಕ್ಷೆ ಸುಲಭ: 12 ಇಂಚಿನ ಕುಂಡಕ್ಕೆ ಎರಡು ಲೀಟರ್ ಸುರಿದರೆ ಅರ್ಧ ನಿಮಿಷದೊಳಗೆ ಮೇಲೆ ನಿಂತ ನೀರು ಮಾಯವಾಗಬೇಕು.

ಬೀಜ

ಹೆಣ್ಣು ಗಿಡದ ಸುಳಿಯಲ್ಲಿ ಕಂದು ತುಪ್ಪಳದ ಗೂಡಿನೊಳಗೆ ಕಿತ್ತಳೆಗೆಂಪು ಬೀಜ ಕಟ್ಟುತ್ತದೆ, ಸಣ್ಣ ನಿಂಬೆಗಿಂತ ಚಿಕ್ಕದು. ಬೀಜ ಉದುರಿದಾಗ ಒಳಗಿನ ಭ್ರೂಣ ಇನ್ನೂ ಕೂಸು. ಅದು ಬಲಿಯಲು ಮೂರು ನಾಲ್ಕು ತಿಂಗಳು ಬೇಕು. ತಂದ ದಿನವೇ ಊರಿ ‘ಹುಟ್ಟಲಿಲ್ಲ’ ಎಂದು ಕಿತ್ತೆಸೆಯುವವರು ಬಹಳ.

ಕೈಗವಸು ಹಾಕಿಕೊಂಡು ಬೀಜವನ್ನು ಮೂರು ದಿನ ನೀರಲ್ಲಿಡಿ, ದಿನಾ ನೀರು ಬದಲಿಸಿ. ಮೆತ್ತಗಾದ ಕೆಂಪು ಸಿಪ್ಪೆಯನ್ನು ಗೋಣಿಚೀಲದ ಮೇಲೆ ಉಜ್ಜಿ ಪೂರ್ತಿ ತೆಗೆಯಿರಿ. ಮೊಳಕೆಯನ್ನು ತಡೆಯುವ ವಸ್ತು ಇರುವುದು ಆ ಸಿಪ್ಪೆಯಲ್ಲೇ, ಬಿಟ್ಟರೆ ಬೂಷ್ಟೂ ಹಿಡಿಯುತ್ತದೆ. ಬಿಳಿ ಗಟ್ಟಿ ಚಿಪ್ಪು ಉಳಿಯುತ್ತದೆ. ರೆವಲ್ಯೂಟಾ ಬೀಜವಾದರೆ ಈಗ ನೀರಿಗೆ ಹಾಕಿ ನೋಡಿ, ತೇಲುವವು ಜೊಳ್ಳು. ಕರಾವಳಿಯ ಕೆಲವು ಪ್ರಭೇದಗಳ ಒಳ್ಳೆಯ ಬೀಜವೂ ತೇಲುತ್ತದೆ, ಅವಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಮುಳುಗಿದವನ್ನು ನೆರಳಲ್ಲಿ ಒಣಗಿಸಿ, ತುಸು ತೇವದ ನಾರಿನ ಪುಡಿಯೊಡನೆ ರಟ್ಟಿನ ಡಬ್ಬಿಯಲ್ಲಿಟ್ಟು ಮನೆಯೊಳಗೆ ಬಿಡಿ. ಫ್ರಿಜ್‌ಗೆ ಬೇಡ.

ಶಿವರಾತ್ರಿ ಕಳೆದು ಸೆಕೆ ಏರಿದ ಮೇಲೆ ಮತ್ತೆ ಎರಡು ದಿನ ನೆನೆಸಿ, ಜಿಪ್ ಚೀಲದಲ್ಲಿ ಹಿಂಡಿದರೆ ಹನಿ ಬೀಳದಷ್ಟು ಒದ್ದೆಯ ನಾರಿನ ಪುಡಿ ತುಂಬಿ ಬೀಜ ಸೇರಿಸಿ, 27ರಿಂದ 30 ಡಿಗ್ರಿ ಇರುವ ಜಾಗದಲ್ಲಿಡಿ. ಅಡುಗೆಮನೆಯ ಅಟ್ಟ ಒಳ್ಳೆಯದು. ಶೀಟ್ ಮನೆಯ ಮಾಡಿನ ಕೆಳಗೆ ಮಧ್ಯಾಹ್ನ ನಲವತ್ತು ದಾಟುತ್ತದೆ, ಅಲ್ಲಿ ಬೀಜ ಬೇಯುತ್ತದೆ. ವಾರಕ್ಕೊಮ್ಮೆ ಚೀಲ ಬಿಚ್ಚಿ ಗಾಳಿ ಆಡಿಸಿ, ಬೂಷ್ಟು ಬಂದ ಬೀಜ ತೊಳೆದು ಮತ್ತೆ ಇಡಿ. ಚಿಪ್ಪು ಒಡೆದು ದಪ್ಪ ಬಿಳಿ ಬೇರು ಇಣುಕಲು ಎರಡು ತಿಂಗಳೂ ಆಗಬಹುದು, ಆರೂ ಆಗಬಹುದು.

ಬೇರು ಒಂದಿಂಚು ಆದಾಗ ಒಂದಡಿ ಆಳದ ನರ್ಸರಿ ಚೀಲಕ್ಕೆ ವರ್ಗಾಯಿಸಿ. ಬೀಜವನ್ನು ಅಡ್ಡ ಮಲಗಿಸಿ, ಬೇರು ಕೆಳಕ್ಕೆ, ಚಿಪ್ಪಿನ ಮೇಲರ್ಧ ಮಣ್ಣಿನ ಹೊರಗಿರಲಿ. ಪೂರ್ತಿ ಹೂತರೆ ಬೀಜ ಕೊಳೆತು ಸಸಿ ಹೋಗುತ್ತದೆ, ಏಕೆಂದರೆ ಮೊದಲ ವರ್ಷದ ಊಟ ಅದರೊಳಗೇ ಇರುವುದು. ಒಣಗಿ ಉದುರುವವರೆಗೆ ಚಿಪ್ಪನ್ನು ಕೀಳಬೇಡಿ. ಬೇರು ಮೊದಲು ಇಳಿಯುತ್ತದೆ, ಎಲೆ ಒಂದರಿಂದ ಮೂರು ತಿಂಗಳ ನಂತರ. ಮೊದಲ ವರ್ಷ ಒಂದೋ ಎರಡೋ ಎಲೆ, ಅಷ್ಟೇ.

ಸಸಿ ಗಂಡೋ ಹೆಣ್ಣೋ ಎಂದು ಗಂಡಿನ ಶಂಕುವೋ ಹೆಣ್ಣಿನ ತುಪ್ಪಳದ ಗೂಡೋ ಬರುವವರೆಗೆ ಹೇಳಲು ಬಾರದು, ಅದಕ್ಕೆ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಇದೇ ಬಳಗದ, ದಕ್ಷಿಣ ಆಫ್ರಿಕಾದ ಎನ್ಸೆಫಲಾರ್ಟಾಸ್ ವುಡಿಯೈ 1895ರಲ್ಲಿ ಒಂದೇ ಒಂದು ಗುಂಪು ಸಿಕ್ಕಿತು, ಅದೂ ಗಂಡು. ಇವತ್ತು ಜಗತ್ತಿನ ಉದ್ಯಾನಗಳಲ್ಲಿ ಇರುವವೆಲ್ಲ ಅದರ ಮರಿಗಳೇ, ಹೆಣ್ಣು ಇನ್ನೂ ಸಿಕ್ಕಿಲ್ಲ.

ಬುಡದ ಮರಿ ಬಿಡಿಸುವುದು

ಬಾಳೆಕಂದಿನಂತೆ ಸೈಕಸ್ ಬುಡದಲ್ಲೂ ಮರಿ ಬರುತ್ತದೆ. ರಥಸಪ್ತಮಿಯಿಂದ ಶಿವರಾತ್ರಿಯ ನಡುವೆ, ಹೊಸ ಸುಳಿ ಹೊರಡುವ ಮುನ್ನ, ಬಿಡಿಸಲು ಸರಿಯಾದ ಹೊತ್ತು. ಮಳೆಗಾಲದಲ್ಲಿ ಕೈ ಹಾಕಬೇಡಿ, ಗಾಯ ಒಣಗುವುದಿಲ್ಲ. ಕಿತ್ತಳೆ ಗಾತ್ರಕ್ಕಿಂತ ಚಿಕ್ಕದನ್ನು ಬಿಡಿ.

ಬುಡದ ಮಣ್ಣು ಬಗೆದು ಮರಿ ತಾಯಿಗೆ ಅಂಟಿದ ಕುತ್ತಿಗೆ ಕಾಣುವಂತೆ ಮಾಡಿಕೊಳ್ಳಿ. ಸ್ಪಿರಿಟ್ಟಿನಲ್ಲಿ ಒರೆಸಿದ ಗರಗಸದ ಬ್ಲೇಡಿನಿಂದ ಕುತ್ತಿಗೆಯನ್ನು ಒಂದೇ ಸಮ ಕೊಯ್ಯಿರಿ. ಗುದ್ದಲಿಯಲ್ಲಿ ಮೀಟಿದರೆ ತಾಯಿಯ ಸಿಪ್ಪೆಯೂ ಹರಿದು ಬರುತ್ತದೆ. ಎರಡೂ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ: ಮೈಲುತುತ್ತ 10 ಗ್ರಾಂ 50 ಮಿ.ಲೀ. ನೀರಲ್ಲಿ, ಸುಣ್ಣ 10 ಗ್ರಾಂ ಇನ್ನೊಂದು 50 ಮಿ.ಲೀ. ನೀರಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕರಗಿಸಿ ಆಮೇಲೆ ಕೂಡಿಸುವುದು. ಅಡಿಕೆ ತೋಟದವರ ಮನೆಯಲ್ಲಿ ಎರಡೂ ಸಿಗುತ್ತವೆ. ಕಬ್ಬಿಣದ ಪಾತ್ರೆಯಲ್ಲಿ ಕಲಸಿದರೆ ತಾಮ್ರ ಪಾತ್ರೆಗೆ ಹತ್ತಿಕೊಂಡು ಮುಲಾಮು ಸತ್ವ ಕಳೆದುಕೊಳ್ಳುತ್ತದೆ.

ಮರಿಯ ಎಲ್ಲ ಗರಿಗಳನ್ನೂ ಕತ್ತರಿಸಿ. ಬೇರಿಲ್ಲದ ಮರಿಗೆ ಗರಿ ಹೊರೆ, ಇದ್ದ ನೀರನ್ನೂ ಆವಿ ಮಾಡುತ್ತದೆ. ಹತ್ತು ದಿನ ನೆರಳಲ್ಲಿ ಗಾಯ ಮೇಲಾಗಿ ಇಟ್ಟು ಒಣಗಿಸಿ, ಜಲ್ಲಿ ಮೂರು ಪಾಲು, ನಾರಿನ ಪುಡಿ ಒಂದು ಪಾಲು ಸೇರಿಸಿದ ಮಿಶ್ರಣದಲ್ಲಿ ಅರ್ಧ ಊರಿ. ಒಮ್ಮೆ ನೀರು ಕೊಟ್ಟು, ಆಮೇಲೆ ಎರಡು ವಾರಕ್ಕೊಮ್ಮೆ. ಬೇರು ಬರಲು ನಾಲ್ಕರಿಂದ ಎಂಟು ತಿಂಗಳು. ನಡುವೆ ಸುಳಿ ಒಡೆದು ಗರಿ ಬಂದರೆ ಹಿಗ್ಗಬೇಡಿ, ಗೆಡ್ಡೆಯೊಳಗಿನ ಪಿಷ್ಟದಲ್ಲೇ ಅದು ಗರಿ ಬಿಡಬಲ್ಲದು. ಮೆಲ್ಲಗೆ ಎಳೆದಾಗ ಮರಿ ಎದುರು ಹಿಡಿದರೆ ಮಾತ್ರ ಬೇರು ಬಿಟ್ಟಿದೆ ಎಂದು ತಿಳಿಯಿರಿ.

ಬಗೆಯುವಾಗ ಮೇಲ್ಮಣ್ಣಿನಲ್ಲಿ ಹವಳದಂತೆ ಕವಲು ಕವಲಾಗಿ, ಗಂಟುಗಂಟಾಗಿ ಮೇಲಕ್ಕೆ ಬೆಳೆದ ಬೇರುಗಳು ಸಿಗುತ್ತವೆ. ಟೊಮೆಟೊ ಬೇರಿನ ಗಂಟುರೋಗ ಕಂಡವರು ಇದನ್ನೂ ರೋಗ ಎಂದು ಕತ್ತರಿಸುತ್ತಾರೆ. ಒಂದನ್ನು ಅಡ್ಡ ಕೊಯ್ದು ನೋಡಿ, ಒಳಗೆ ತೆಳ್ಳನೆಯ ನೀಲಿಹಸಿರು ಬಳೆ ಕಾಣುತ್ತದೆ. ಅದು ನಾಸ್ಟಾಕ್ ಜಾತಿಯ ಸೂಕ್ಷ್ಮಜೀವಿಗಳ ಮನೆ, ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವುದು ಅವೇ. ಹಾಗಾಗಿ ಸೈಕಸ್‌ಗೆ ಯೂರಿಯಾ ಸುರಿಯಬೇಕಾಗಿಲ್ಲ. ಮಂಡಿಯೆತ್ತರದ ಗಿಡಕ್ಕೆ ಜೂನ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ 100 ಗ್ರಾಂ ಹೊಂಗೆ ಹಿಂಡಿ, 50 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್ ಬುಡದಿಂದ ಒಂದಡಿ ದೂರ ಉದುರಿಸಿ.

ನೆಲಕ್ಕೆ ಇಳಿಸುವುದು

ಆರಿದ್ರಾ ಮಳೆಯ ಹೊತ್ತು. ಮೂರಡಿ ಅಗಲ, ಎರಡಡಿ ಆಳ ಗುಂಡಿ ತೆಗೆದು ನೀರು ತುಂಬಿ. ಮಾರನೆ ದಿನವೂ ನೀರಿದ್ದರೆ ಆ ಜಾಗ ಬಿಟ್ಟುಬಿಡಿ, ಇಲ್ಲವೇ ಗುಂಡಿ ಮುಚ್ಚಿ ಅದರ ಮೇಲೆ ಒಂದೂವರೆ ಅಡಿ ದಿಬ್ಬ ಕಟ್ಟಿ ನೆಡಿ. ಗೆಡ್ಡೆಯ ಮೂರನೇ ಎರಡು ಭಾಗ ಮಣ್ಣಿನ ಮೇಲಿರಬೇಕು. ಸುತ್ತ ಪಾತಿ ಕಟ್ಟುವ ನಮ್ಮ ಹಳೆ ರೂಢಿ ಇಲ್ಲಿ ಗಿಡಕ್ಕೆ ಕುತ್ತು. ಪಾತಿ ಬೇಕೇ ಬೇಕಾದರೆ ಬುಡದಿಂದ ಎರಡಡಿ ಆಚೆ ಉಂಗುರವಾಗಿ ಕಟ್ಟಿ. ಬೇರು ಹಿಡಿದ ಗಿಡಕ್ಕೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ 15ರಿಂದ 20 ಲೀಟರ್, ಮಳೆಗಾಲದಲ್ಲಿ ಏನೂ ಬೇಡ.

ಸುಳಿ ಒಡೆಯುವ ಮೂರು ವಾರ

ಇಡೀ ವರ್ಷ ಸುಮ್ಮನಿರುವ ಗಿಡ ಒಂದೇ ಸಲಕ್ಕೆ ಹತ್ತಿಪ್ಪತ್ತು ಗರಿ ಎತ್ತುತ್ತದೆ. ಮೊದಲು ಸುಳಿಯ ಕಂದು ತುಪ್ಪಳ ಉಬ್ಬುತ್ತದೆ. ಆಮೇಲೆ ಗರಿಗಳು ನೆಟ್ಟಗೆ ಏಳುತ್ತವೆ, ಒಂದೊಂದು ಎಲೆಯೂ ಗಡಿಯಾರದ ಸ್ಪ್ರಿಂಗಿನಂತೆ ಒಳಕ್ಕೆ ಸುತ್ತಿಕೊಂಡಿರುತ್ತದೆ. ಸರ್ಸಿನಾಲಿಸ್ ಎಂಬ ಹೆಸರು ಬಂದದ್ದೇ ಆ ಸುರುಳಿಯಿಂದ. ಈ ಹಂತದಲ್ಲಿ ಕುಂಡ ಕದಲಿಸಬೇಡಿ, ಗರಿ ಮುಟ್ಟಬೇಡಿ, ಬಿಸಿಲು ತಪ್ಪಿಸಬೇಡಿ. ನೆರಳಲ್ಲಿ ಬಂದ ಗರಿ ಉದ್ದುದ್ದ ಜೋಲುತ್ತದೆ, ಮುಂದಿನ ಸುಳಿಯವರೆಗೆ ಹಾಗೇ ಉಳಿಯುತ್ತದೆ.

ಇದೇ ಹೊತ್ತಿಗೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ನೀಲಿ ಚಿಟ್ಟೆಯೊಂದು ಗಿಡದ ಸುತ್ತ ಸುಳಿದಾಡುತ್ತದೆ. ಹೆಸರು ಚಿಲೇಡೆಸ್ ಪಾಂಡವ. ಸುರುಳಿಯ ಸಂದಿನಲ್ಲಿ ಬಿಡಿ ಬಿಡಿ ಮೊಟ್ಟೆ ಇಡುತ್ತದೆ. ಕೆಲವೇ ದಿನಕ್ಕೆ ಹಸಿರು, ಕೆಂಗಂದು ಹುಳುಗಳು ಎಳೆ ಎಲೆಯ ತಿರುಳು ಕೆರೆದು ತಿನ್ನುತ್ತವೆ, ಗರಿಯ ನಡುದಿಂಡು ಮಾತ್ರ ಬಾಚಣಿಗೆಯಂತೆ ಉಳಿಯುತ್ತದೆ. ಒಂದು ವರ್ಷದ ಬೆಳವಣಿಗೆ ಒಂದು ವಾರದಲ್ಲಿ ಮುಗಿಯುತ್ತದೆ. ಸುಳಿಗೆ ಇರುವೆ ಸಾಲುಗಟ್ಟಿದರೆ ಹುಳು ಇದೆ ಎಂದೇ ಅರ್ಥ, ಹುಳು ಸ್ರವಿಸುವ ಸಿಹಿಗೆ ಇರುವೆ ಕಾವಲಿರುತ್ತದೆ.

ಬಿ.ಟಿ. ಪುಡಿ (ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ) ಲೀಟರಿಗೆ ಒಂದೆರಡು ಗ್ರಾಂ ಸಂಜೆ ಸಿಂಪಡಿಸಿದರೆ ಹುಳು ಸಾಯುತ್ತದೆ. ಆದರೆ ಶಿಡ್ಲಘಟ್ಟ, ಚಿಂತಾಮಣಿ ಕಡೆ ಪಕ್ಕದಲ್ಲೇ ಹಿಪ್ಪುನೇರಳೆ ತೋಟವಿದ್ದರೆ ಅದನ್ನು ಮುಟ್ಟಲೇಬೇಡಿ. ಬಿ.ಟಿ. ಗಾಳಿಯಲ್ಲಿ ತೇಲಿ ಸೊಪ್ಪಿನ ಮೇಲೆ ಕೂತರೆ ರೇಷ್ಮೆಹುಳುವೂ ಸಾಯುತ್ತದೆ, ಬೇವಿನೆಣ್ಣೆಯೂ ಅಲ್ಲಿ ಬೇಡ. ಎಲ್ಲಕ್ಕಿಂತ ಒಳ್ಳೆಯದು ಸೊಳ್ಳೆಪರದೆ. ತುಪ್ಪಳ ಉಬ್ಬಿದ ದಿನವೇ ನಾಲ್ಕು ಬಿದಿರು ನೆಟ್ಟು, ಗರಿಗೆ ತಾಗದಂತೆ ಪರದೆ ಇಳಿಬಿಟ್ಟು, ಅಂಚಿಗೆ ಮಣ್ಣೆಳೆಯಿರಿ. ಗರಿ ಚುಚ್ಚುವಷ್ಟು ಗಡುಸಾದ ಮೇಲೆ ತೆಗೆಯಿರಿ.

ಬಿಳಿ ಹುರುಪೆಯಂಥ ಶಲ್ಕ ಕೀಟ ಬಂದರೆ ಹೆಚ್ಚು ಹಿಡಿದ ಗರಿ ಕತ್ತರಿಸಿ ಸುಡಿ. ಉಳಿದುದಕ್ಕೆ ತೋಟಗಾರಿಕೆಯ ಮಿನರಲ್ ಆಯಿಲ್ ಲೀಟರಿಗೆ 10 ಮಿ.ಲೀ., ಸಂಜೆ, ಎಲೆಯ ಅಡಿಗೂ ತಾಗುವಂತೆ, ವಾರಕ್ಕೊಮ್ಮೆ ಮೂರು ಸಲ. ಕೀಟ ಸತ್ತರೂ ಹುರುಪೆ ಅಂಟಿಕೊಂಡೇ ಇರುತ್ತದೆ. ಉಗುರಿನಿಂದ ಕೆರೆದಾಗ ಪುಡಿಯಾದರೆ ಸತ್ತಿದೆ, ಒದ್ದೆಯಾದರೆ ಬದುಕಿದೆ.

ಹಳದಿ ಎಲ್ಲಿಂದ ಶುರುವಾಯಿತು ನೋಡಿ

ಹಳೆ ಗರಿ ಹಳದಿಯಾಗಿ ಹೊಸದು ಹಸಿರಿದ್ದರೆ ಮೆಗ್ನೀಸಿಯಂ ಅಥವಾ ಪೊಟ್ಯಾಷ್ ಕೊರತೆ. ಹೊಸ ಗರಿ ಹುಟ್ಟುತ್ತಲೇ ಹಳದಿಯಾಗಿ, ಸುಟ್ಟ ಕಾಗದದಂತೆ ಮುರುಟಿದ್ದರೆ ಮ್ಯಾಂಗನೀಸ್ ಕೊರತೆ, ಬೋರ್ ನೀರಿನ ಊರುಗಳ ಮಾಮೂಲಿ ಕಾಯಿಲೆ. ಮ್ಯಾಂಗನೀಸ್ ಸಲ್ಫೇಟ್ ಲೀಟರಿಗೆ 2 ಗ್ರಾಂ ಹದಿನೈದು ದಿನಕ್ಕೊಮ್ಮೆ ಮೂರು ಸಲ ಸಿಂಪಡಿಸಿ, ಬುಡಕ್ಕೆ 30ರಿಂದ 50 ಗ್ರಾಂ ವರ್ಷಕ್ಕೆರಡು ಸಲ ಕೊಡಿ. ಗೊಬ್ಬರದಂಗಡಿಯಲ್ಲಿ ಮ್ಯಾಂಗನೀಸ್ ಕೇಳಿದರೆ ಮೆಗ್ನೀಸಿಯಂ ಕೊಡುವುದು ದಿನನಿತ್ಯದ ಕಥೆ, ಚೀಲದ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಹೊಸ ಎಲೆ ಮುರುಟದೆ ಬರೀ ಬಿಳಿಚಿಕೊಂಡಿದ್ದರೆ ಕಬ್ಬಿಣ. ಆಗ ಕಬ್ಬಿಣದ ಗೊಬ್ಬರಗಳಲ್ಲಿ ಇಡಿಟಿಎ ಎಂದು ಬರೆದಿರುವುದು ಸುಣ್ಣದ ಮಣ್ಣಿನಲ್ಲಿ ಬೇಗ ಕೆಲಸ ಬಿಡುತ್ತದೆ, ಇಡಿಡಿಎಚ್ಎ ಎಂದು ಬರೆದಿರುವುದನ್ನು ತನ್ನಿ, ನೀರಿಗೆ ಹಾಕಿದರೆ ಕೆಂಪು ಶರಬತ್ತಿನಂತಾಗುತ್ತದೆ. ಏನೇ ಕೊಟ್ಟರೂ ಕೆಟ್ಟ ಗರಿ ಸರಿಹೋಗುವುದಿಲ್ಲ, ಫಲ ಕಾಣುವುದು ಮುಂದಿನ ಸುಳಿಯಲ್ಲಿ. ಅಲ್ಲಿಯವರೆಗೆ ಆ ಗರಿಗಳನ್ನು ಕತ್ತರಿಸಬೇಡಿ.

ಸೈಕಸ್ ಅಲ್ಲದವು

ಸೈಕಸ್‌ನಂತೆ ಹಳೆ ವಂಶದ ಬೇರೆ ಗಿಡಗಳ ಆಸೆಯೂ ಕೆಲವರಿಗಿರುತ್ತದೆ. ಬೀಸಣಿಗೆ ಎಲೆಯ ಚೀನಾ ಮರ ಗಿಂಕೊ ತರಬೇಡಿ, ಅದಕ್ಕೆ ನಿಜವಾದ ಚಳಿಗಾಲ ಬೇಕು. ಮರಜರೀಗಿಡಕ್ಕೆ ನಮ್ಮ ಮಾರ್ಚ್ ಗಾಳಿಯೇ ಸಾಕು ಕೊಲ್ಲಲು. ಜಾತ್ರೆಯಲ್ಲಿ ‘ಸಂಜೀವಿನಿ’ ಎಂದು ಮಾರುವ ಒಣ ಉಂಡೆ ಸೆಲಾಜಿನೆಲ್ಲಾ. ಅದರ ವಂಶ ಸೈಕಸ್‌ಗಿಂತಲೂ ಹಳೆಯದು. ನೀರಿಗೆ ಹಾಕಿದರೆ ಸತ್ತದ್ದೂ ಬಿಚ್ಚಿಕೊಳ್ಳುತ್ತದೆ, ಎರಡು ದಿನದಲ್ಲಿ ಹಸಿರಾದರೆ ಮಾತ್ರ ಜೀವ ಇದೆ.

ಸವಾಲು ಬೇಕೆಂದವರಿಗೆ ವೆಲ್ವಿಚಿಯಾ. ನಮೀಬಿಯಾ, ಅಂಗೋಲಾದ ಮರುಭೂಮಿಯದು, ಜೀವಮಾನವಿಡೀ ಎರಡೇ ಎಲೆ, ಸಾವಿರ ವರ್ಷ ದಾಟಿದ ಗಿಡಗಳಿವೆ. ತಾಯಿಬೇರು ಮುರಿದರೆ ಸಾಯುತ್ತದೆ. ಅದಕ್ಕೆ ಕುಂಡ ಬೇಡ, ಬೋರ್‌ವೆಲ್ ಕೊರೆದ ಮೇಲೆ ಉಳಿದ ಆರಿಂಚಿನ ಪಿವಿಸಿ ಕೇಸಿಂಗ್ ಪೈಪ್ ಬೇಕು. ಮೂರಡಿ ತುಂಡನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಮತ್ತೆ ಜೋಡಿಸಿ ಮೂರು ಕಡೆ ತಂತಿ ಬಿಗಿಯಿರಿ. ತಳಕ್ಕೆ ಬಲೆ ಕಟ್ಟಿ, ಜಲ್ಲಿ, ತೊಳೆದ ದಪ್ಪ ಹೊಳೆ ಮರಳು ಸಮಸಮ ತುಂಬಿ. ಬೀಜಕ್ಕೆ ಶಿಲೀಂಧ್ರನಾಶಕ ಪುಡಿ ಸವರಿಯೇ ಬಿತ್ತಬೇಕು, ಕಪ್ಪು ಬೂಷ್ಟು ಅದರ ಹುಟ್ಟುಶತ್ರು. ಮೇಲೆ ಅರ್ಧ ಸೆಂಟಿಮೀಟರ್ ಮರಳು, ದಿನಾ ತುಂತುರು, 25ರಿಂದ 30 ಡಿಗ್ರಿಯಲ್ಲಿ ಒಂದರಿಂದ ಮೂರು ವಾರಕ್ಕೆ ಮೊಳಕೆ. ಮೊದಲು ಬರುವ ಜೋಡಿ ಬೀಜದೆಲೆ, ಅದಕ್ಕೆ ಅಡ್ಡವಾಗಿ ಬರುವ ಎರಡನೇ ಜೋಡಿಯೇ ಶಾಶ್ವತದ್ದು. ಬೆಳವಣಿಗೆ ಎಲೆಯ ಬುಡದಲ್ಲೇ ಆಗುವುದರಿಂದ ತುದಿ ಒಣಗಿದರೆ ಚಿಂತೆಯಿಲ್ಲ, ಬುಡಕ್ಕೆ ಪೆಟ್ಟಾದರೆ ಗಿಡ ಮುಗಿದಂತೆ. ಎರಡು ಮೂರು ವರ್ಷದ ಮೇಲೆ ನೆಲದಲ್ಲಿ ಪೈಪಿನಷ್ಟೇ ಆಳದ ಗುಂಡಿ ತೆಗೆದು, ಪೈಪ್ ಸಮೇತ ಇಳಿಸಿ, ಮರಳು ತುಂಬಿದ ಮೇಲೆ ತಂತಿ ಕತ್ತರಿಸಿ ಎರಡು ಸೀಳನ್ನೂ ಒಂದೊಂದಾಗಿ ಮೇಲಕ್ಕೆಳೆಯಿರಿ.

ದುಡ್ಡು ಖರ್ಚಿಲ್ಲದೆ ಶುರು ಮಾಡುವುದಾದರೆ ಮಯೂರಶಿಖೆ. ಹಳೆ ಗುಡಿ, ಬಾವಿಗಳ ಗಾರೆ ಗೋಡೆಯ ಸಂದಿನಲ್ಲಿ ಅಂಗೈಯಷ್ಟೂ ಇಲ್ಲದ ಬೀಸಣಿಗೆಯಾಕಾರದ ಜರೀಗಿಡ. ಗೋಡೆಯಿಂದ ಕೀಳಬೇಡಿ, ಬದುಕುವುದಿಲ್ಲ. ಎಲೆಯ ಅಡಿ ಕಂದಾಗಿರುವ ಒಂದೇ ಒಂದು ಗರಿ ಕತ್ತರಿಸಿ ಬಿಳಿ ಕಾಗದದಲ್ಲಿ ಮಡಚಿಟ್ಟರೆ ಎರಡು ದಿನಕ್ಕೆ ಕಂದು ಧೂಳು ಉದುರುತ್ತದೆ. ಹಳೆ ಮಣ್ಣಿನ ಇಟ್ಟಿಗೆಗೆ ಕುದಿನೀರು ಹುಯ್ದು, ಆರಿದ ಮೇಲೆ ಒಂದಿಂಚು ಮಳೆನೀರಿರುವ ತಟ್ಟೆಯಲ್ಲಿ ನಿಲ್ಲಿಸಿ, ಆ ಧೂಳನ್ನು ಮೇಲೆ ಉದುರಿಸಿ ಪಾರದರ್ಶಕ ಡಬ್ಬಿ ಕವುಚಿ. ಕೆಲವು ವಾರದಲ್ಲಿ ಇಟ್ಟಿಗೆಯ ಮೇಲೆ ಹಸಿರು ಪೊರೆ, ಮೂರರಿಂದ ಆರು ತಿಂಗಳಲ್ಲಿ ಮೊದಲ ಪುಟ್ಟ ಗರಿ. ತಟ್ಟೆಯ ನೀರು ಒಂದು ದಿನವೂ ಬತ್ತಬಾರದು. ಗರಿ ಒಂದಿಂಚು ಆದ ಮೇಲೆ ಡಬ್ಬಿಯನ್ನು ದಿನಕ್ಕೆ ಒಂದು ಗಂಟೆಯಂತೆ ತೆರೆಯುತ್ತಾ ಗಾಳಿಗೆ ಪಳಗಿಸಿ, ಆಮೇಲೆ ಇಟ್ಟಿಗೆಯ ಸಮೇತ ಸುಣ್ಣದ ಗಾರೆ ಮೆತ್ತಿದ ಸಂದಿಗೆ ಸೇರಿಸಿ. ಇಷ್ಟೆಲ್ಲ ಗಿಡಗಳಲ್ಲಿ ನಮ್ಮ ಬೋರ್ ನೀರಿನ ಸುಣ್ಣಕ್ಕೆ ಗೊಣಗದೆ ಬದುಕುವುದು ಇದೊಂದೇ.